ತೂರಾಡುವ ಇಲಿಗಳು: ಚಲನವೈಕಲ್ಯದ ಜೈವಿಕ ಕಾರಣಗಳು

ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ದೋಷವಿರುವುದು ಕುಣಿಯುವವಳಲ್ಲಿ, ನೆಲದಲ್ಲಲ್ಲ ಎಂಬುದು ಅದರ ತಾತ್ಪರ್ಯ. ಆದರೆ ಕುಣಿಯುವವಳಲ್ಲಿ ಎಂದರೆ ಎಲ್ಲಿ? ಕಾಲಿನಲ್ಲಿಯೋ, ಕಿವಿಯಲ್ಲಿಯೋ, ನರದಲ್ಲಿಯೋ, ಮೆದುಳಿನಲ್ಲಿಯೋ? ಗಾದೆಯು ಆ ಪ್ರಶ್ನೆಯನ್ನು ಕೇಳುವುದಿಲ್ಲ. ವೈದ್ಯಶಾಸ್ತ್ರವೂ ಬಹುಕಾಲ ಅದಕ್ಕೆ ಉತ್ತರ ಕೊಡುವ ಸಾಮರ್ಥ್ಯವನ್ನು ಪಡೆದಿರಲಿಲ್ಲ. ನಡೆಯುವಾಗ ತೂರಾಡುವ, ನೀರಿನ ಲೋಟವನ್ನು ಬಾಯಿಗೆ ಒಯ್ಯುವಾಗ ಕೈ ಅಳ್ಳಾಡಿ ಚೆಲ್ಲುವ, ಮಾತಿನಲ್ಲಿ ತೊದಲುವ ರೋಗಿಗಳನ್ನು ಕಂಡ ಜನರು ಅವರನ್ನು ಕುಡಿದವರೆಂದು ತಪ್ಪು ತಿಳಿಯುವುದುಂಟು. ಒಂದೇ ಮನೆತನದಲ್ಲಿ ತಂದೆಗೂ ಮಗನಿಗೂ ಈ ವ್ಯಾಧಿ ಬಂದಾಗ, ‘ಇದು ವಂಶದ ದೋಷ’ ಎಂದು ಹೇಳಿ ಸುಮ್ಮನಾಗುವುದೂ ಉಂಟು. ಆ ಮಾತು ಸುಳ್ಳಲ್ಲ. ಆದರೆ ಅದು ವಿಚಾರಣೆಯ ಮುಕ್ತಾಯವಲ್ಲ, ಪ್ರಾರಂಭ ಮಾತ್ರ. ಲೆಕ್ಕದ ಪುಸ್ತಕದಲ್ಲಿ ಕೊನೆಯ ಮೊತ್ತ ತಪ್ಪಾಗಿದೆಯೆಂದು ತಿಳಿಯುವುದು ಸುಲಭ; ತಪ್ಪು ಯಾವ ಪುಟದಲ್ಲಿ, ಯಾವ ಸಾಲಿನಲ್ಲಿ, ಯಾವ ದಿನ ನುಸುಳಿತೆಂಬುದನ್ನು ಹುಡುಕಿ ತೆಗೆಯುವುದೇ ಕಷ್ಟದ ಕೆಲಸ. ಚಲನವೈಕಲ್ಯದ ವಿಷಯದಲ್ಲಿ ಈ ಕೆಲಸವನ್ನು ಸಾಧ್ಯಗೊಳಿಸಿದುದರ ಶ್ರೇಯಸ್ಸು ಬಹುಮಟ್ಟಿಗೆ ಪ್ರಯೋಗಾಲಯದ ಚಿಕ್ಕ ಇಲಿಗಳಿಗೆ ಸಲ್ಲತಕ್ಕದ್ದು.

೧

ಪ್ರಾಣಿಯ ದೇಹವನ್ನು ಕಟ್ಟುವ ಆದೇಶಗಳು ಜೀನುಗಳೆಂಬ ವಂಶವಾಹಿಗಳಲ್ಲಿ ಅಡಗಿರುತ್ತವೆ. ಪ್ರತಿಯೊಂದು ಜೀನಿಗೂ ಎರಡು ಪ್ರತಿಗಳು. ಒಂದು ತಾಯಿಯಿಂದ, ಮತ್ತೊಂದು ತಂದೆಯಿಂದ ಬಂದುದು. ಈ ಆದೇಶದಲ್ಲಿ ತಾನಾಗಿ ಉಂಟಾಗುವ ಮಾರ್ಪಾಟಿಗೆ ಉತ್ಪರಿವರ್ತನೆಯೆಂದು ಹೆಸರು. ೧೯೨೯ರಲ್ಲಿ ಅಮೆರಿಕದ ಮೇನ್ ಸಂಸ್ಥಾನದ ಬಾರ್ ಹಾರ್ಬರ್ ಎಂಬ ಊರಿನಲ್ಲಿ ಸ್ಥಾಪಿತವಾದ ಜಾಕ್ಸನ್ ಪ್ರಯೋಗಾಲಯದಲ್ಲಿಯೂ, ಬ್ರಿಟನ್ನಿನ ಎಡಿನ್‌ಬರೋ ಮೊದಲಾದ ಕೇಂದ್ರಗಳಲ್ಲಿಯೂ ಸಾವಿರಾರು ಇಲಿಗಳನ್ನು ತಲೆತಲಾಂತರವಾಗಿ, ವಂಶಾವಳಿಯನ್ನು ಬರೆದಿಟ್ಟು ಸಾಕುತ್ತ ಬಂದರು. ಒಂದೇ ಬಗೆಯಾಗಿ ನಡೆಯುವ ನೂರಾರು ಮರಿಗಳ ನಡುವೆ ಒಂದು ಮರಿ ಉರುಳಿ ಬಿದ್ದರೆ ಅದು ಕೂಡಲೆ ಕಣ್ಣಿಗೆ ಬೀಳುತ್ತದೆ. ಹೀಗೆ ಕಣ್ಣಿಗೆ ಬಿದ್ದ ಮರಿಗಳನ್ನು ಸಾಯಗೊಡದೆ, ಅವುಗಳ ಒಡಹುಟ್ಟಿದವುಗಳ ಮೂಲಕ ಆ ತಳಿಯನ್ನು ಉಳಿಸಿಕೊಂಡರು. ಅವುಗಳ ನಡಿಗೆಯನ್ನು ನೋಡಿಯೇ ಹೆಸರಿಟ್ಟರು: ವಾಲ್ಟ್ಸರ್ ಎಂದರೆ ಸುತ್ತಿ ಕುಣಿಯುವುದು, ರೀಲರ್ ಎಂದರೆ ತಲೆತಿರುಗಿದಂತೆ ಹೊರಳುವುದು, ಸ್ಟ್ಯಾಗರರ್ ಎಂದರೆ ತತ್ತರಿಸುವುದು, ವೀವರ್ ಎಂದರೆ ಅತ್ತಿತ್ತ ಓಲಾಡುವುದು, ಲರ್ಚರ್ ಎಂದರೆ ತಟಕ್ಕನೆ ಒಂದು ಪಕ್ಕಕ್ಕೆ ವಾಲುವುದು. ಹೆಸರುಗಳು ಬೇರೆಯಾದರೂ ಸಾಮಾನ್ಯ ನೋಟಕ್ಕೆ ಇವೆಲ್ಲವೂ ಒಂದೇ: ನೆಟ್ಟಗೆ ನಡೆಯಲಾರದ ಇಲಿಗಳು. ಆದರೆ ಒಳಗಿನ ಕಾರಣಗಳು ಒಂದಕ್ಕೊಂದು ಎಷ್ಟು ದೂರವಾದುವೆಂಬುದು ಐವತ್ತು ಅರುವತ್ತು ವರುಷಗಳ ಸಂಶೋಧನೆಯಿಂದ ಹೊರಬಿದ್ದಿದೆ.

ಇವುಗಳಲ್ಲಿ ಅತ್ಯಂತ ಹಳೆಯದು ವಾಲ್ಟ್ಸರ್. ಚೀನಾ ಜಪಾನುಗಳಲ್ಲಿ ವಿನೋದಕ್ಕಾಗಿ ಸಾಕುತ್ತಿದ್ದ ಈ ಇಲಿ ತನ್ನ ಬಾಲವನ್ನು ತಾನೇ ಅಟ್ಟಿಸಿಕೊಂಡು ಹೋಗುವಂತೆ ಸುತ್ತುತ್ತದೆ. ೧೯೦೭ರಲ್ಲಿ ರಾಬರ್ಟ್ ಯರ್ಕ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಇದನ್ನು ಕುರಿತು ಒಂದು ಗ್ರಂಥವನ್ನೇ ಬರೆದರು. ಈ ಇಲಿ ಕಿವುಡು. ಅದರ ಕುಣಿತಕ್ಕೂ ಕಿವುಡುತನಕ್ಕೂ ಮೂಲ ಒಂದೇ. ಕಿವಿಯ ಒಳಭಾಗದಲ್ಲಿ ಶಬ್ದವನ್ನು ಗ್ರಹಿಸುವ ಭಾಗದ ಪಕ್ಕದಲ್ಲಿಯೇ ದೇಹದ ಸಮತೋಲವನ್ನು ಅಳೆಯುವ ಅಂಗವೂ ಇದೆ. ಎರಡರಲ್ಲಿಯೂ ಕೂದಲಿನಂತಹ ಎಳೆಗಳನ್ನುಳ್ಳ ಕೋಶಗಳಿದ್ದು, ಆ ಎಳೆಗಳನ್ನು ತುದಿಯಲ್ಲಿ ಒಂದಕ್ಕೊಂದು ಬಿಗಿಯುವ ಸೂಕ್ಷ್ಮ ತಂತುಗಳಿವೆ. ವಾಲ್ಟ್ಸರ್ ಇಲಿಯಲ್ಲಿ ಕೆಟ್ಟಿರುವುದು ಆ ತಂತುವಿನ ಒಂದು ಘಟಕವಾದ ಕ್ಯಾಡ್‌ಹೆರಿನ್-೨೩ ಎಂಬ ಪ್ರೋಟೀನಿನ ಜೀನು ಎಂಬುದು ೨೦೦೧ರಲ್ಲಿ ತಿಳಿಯಿತು. ಅದೇ ವರ್ಷ, ಮನುಷ್ಯರಲ್ಲಿ ಹುಟ್ಟುಕಿವುಡನ್ನೂ ಮುಂದೆ ಕುರುಡನ್ನೂ ತರುವ ಅಷರ್ ವ್ಯಾಧಿಯ ಒಂದು ಪ್ರಭೇದಕ್ಕೆ ಇದೇ ಜೀನಿನ ದೋಷ ಕಾರಣವೆಂದು ಕಂಡುಬಂದಿತು. ಆ ಮಕ್ಕಳು ತಡವಾಗಿ ನಡೆಯಲು ಕಲಿಯುವುದಕ್ಕೂ ಸಮತೋಲದ ಅಂಗದ ವೈಫಲ್ಯವೇ ಹೇತು. ಈ ಇಲಿಯ ಮಟ್ಟಿಗೆ ದೋಷವು ಕಾಲಿನಲ್ಲಿಯೂ ಇರಲಿಲ್ಲ, ಮೆದುಳಿನಲ್ಲಿಯೂ ಇರಲಿಲ್ಲ, ಕಿವಿಯಲ್ಲಿತ್ತು.

೨

ಮಿಕ್ಕ ಇಲಿಗಳ ವಿಚಾರಕ್ಕೆ ಬರುವ ಮೊದಲು ಕಿರಿಮೆದುಳಿನ ರಚನೆಯನ್ನು ಸ್ವಲ್ಪ ತಿಳಿಯಬೇಕು. ತಲೆಯ ಹಿಂಬದಿಯಲ್ಲಿ, ಹಿರಿಮೆದುಳಿನ ಕೆಳಗೆ ಮಡಿಕೆಮಡಿಕೆಯಾಗಿ ಕುಳಿತಿರುವ ಈ ಅಂಗವು ಚಲನೆಯನ್ನು ಹುಟ್ಟಿಸುವುದಿಲ್ಲ. ಹುಟ್ಟಿದ ಚಲನೆಯನ್ನು ತಿದ್ದಿ ತೂಗಿ ನಯಗೊಳಿಸುತ್ತದೆ. ಇದು ಕೆಟ್ಟರೆ ಪಾರ್ಶ್ವವಾಯುವಿನಂತೆ ಅಂಗಗಳು ಬಿದ್ದುಹೋಗುವುದಿಲ್ಲ. ಬಲವಿದ್ದರೂ ಹದ ತಪ್ಪುತ್ತದೆ.

ಇದರಲ್ಲಿ ಎರಡು ಬಗೆಯ ನರಕೋಶಗಳು ಮುಖ್ಯವಾದುವು. ಒಂದು, ಚೆಕ್ ವಿಜ್ಞಾನಿ ಪುರ್ಕಿಂಜೆಯವರು ೧೮೩೭ರಲ್ಲಿ ವರ್ಣಿಸಿದ, ಅವರ ಹೆಸರಿನಿಂದಲೇ ಪ್ರಸಿದ್ಧವಾದ ದೊಡ್ಡ ಕೋಶ. ಹರಡಿದ ಮರದಂತೆ ಕೊಂಬೆಗಳನ್ನು ಚಾಚಿ ಒಂದೇ ಸಾಲಿನಲ್ಲಿ ನಿಂತಿರುವ ಈ ಕೋಶಗಳ ಮೂಲಕವಲ್ಲದೆ ಕಿರಿಮೆದುಳಿನ ತೊಗಟೆಯಿಂದ ಯಾವ ಆದೇಶವೂ ಹೊರಕ್ಕೆ ಹೋಗದು. ಇನ್ನೊಂದು, ಕಾಳಿನಂತೆ ಸಣ್ಣದಾದ ಕಣಕೋಶ. ಮನುಷ್ಯನ ಮೆದುಳಿನ ಸುಮಾರು ೮,೬೦೦ ಕೋಟಿ ನರಕೋಶಗಳಲ್ಲಿ ೬,೯೦೦ ಕೋಟಿಯಷ್ಟು ಕಿರಿಮೆದುಳಿನಲ್ಲಿಯೇ ಇವೆಯೆಂದು ೨೦೦೯ರಲ್ಲಿ ಬ್ರಜಿಲಿನ ಸಂಶೋಧಕರು ಲೆಕ್ಕ ಹಾಕಿದರು. ಅವುಗಳಲ್ಲಿ ಬಹುಪಾಲು ಈ ಕಣಕೋಶಗಳೇ. ಇವು ಹೊರಗಿನಿಂದ ಬಂದ ಸುದ್ದಿಯನ್ನು ಪುರ್ಕಿಂಜೆ ಕೋಶಗಳಿಗೆ ಮುಟ್ಟಿಸುತ್ತವೆ.

ಇವೆರಡೂ ತಮ್ಮ ಸ್ಥಾನವನ್ನು ಸೇರುವ ರೀತಿ ಬೇರೆ ಬೇರೆ. ಪುರ್ಕಿಂಜೆ ಕೋಶಗಳು ಆಳದಲ್ಲಿ ಹುಟ್ಟಿ ಹೊರಮುಖವಾಗಿ ಸಾಗುತ್ತವೆ. ಕಣಕೋಶಗಳು ಹೊರಮೈಯಲ್ಲಿ ಹೆಚ್ಚಿ, ಪುರ್ಕಿಂಜೆ ಸಾಲನ್ನು ದಾಟಿ ಒಳಗಿಳಿಯುತ್ತವೆ. ಇಲಿಯಲ್ಲಿ ಈ ಇಳಿತವು ಹುಟ್ಟಿದ ಮೇಲಣ ಎರಡು ಮೂರು ವಾರಗಳಲ್ಲಿ ನಡೆಯುವುದರಿಂದ ಪರಿಶೀಲನೆಗೆ ಅನುಕೂಲ ಹೆಚ್ಚು. ಇಂತಹ ಎದುರುಬದುರಿನ ಪಯಣದಲ್ಲಿ ಎಲ್ಲಿ ಎಡವಿದರೂ ನಡಿಗೆ ಕೆಡುವುದು. ಎಡವಿದ ಸ್ಥಳ ಯಾವುದೆಂಬುದನ್ನು ಒಂದೊಂದು ಇಲಿಯೂ ಒಂದೊಂದು ಬಗೆಯಾಗಿ ಹೇಳಿದೆ.

೩

೧೯೫೧ರಲ್ಲಿ ಎಡಿನ್‌ಬರೋದ ಫಾಲ್ಕನರ್ ಅವರು ರೀಲರ್ ಇಲಿಯನ್ನು ವರ್ಣಿಸಿದರು. ಎರಡು ಪ್ರತಿಗಳೂ ಕೆಟ್ಟಾಗ ಮಾತ್ರ ಕಾಣಿಸಿಕೊಳ್ಳುವ ದೋಷವಿದು. ಇದರ ಮೆದುಳಿನಲ್ಲಿ ನರಕೋಶಗಳು ಹುಟ್ಟುತ್ತವೆ. ಆದರೆ ಸ್ವಸ್ಥಾನವನ್ನು ಸೇರುವುದಿಲ್ಲ. ಹಿರಿಮೆದುಳಿನ ತೊಗಟೆಯ ಪದರಗಳು ಬಹುಮಟ್ಟಿಗೆ ತಲೆಕೆಳಗಾಗಿರುತ್ತವೆ. ಕಿರಿಮೆದುಳಿನಲ್ಲಿ ಪುರ್ಕಿಂಜೆ ಕೋಶಗಳು ಸಾಲಾಗಿ ನಿಲ್ಲದೆ ಆಳದಲ್ಲಿಯೇ ಗುಂಪುಗೂಡಿ ಉಳಿಯುತ್ತವೆ. ನಲವತ್ತು ವರ್ಷಗಳಿಗೂ ಹೆಚ್ಚು ಕಾಲ ಇದರ ಜೀನು ಸಿಕ್ಕಲಿಲ್ಲ. ಬೇರೊಂದು ಪ್ರಯೋಗಕ್ಕಾಗಿ ಇಲಿಗಳಲ್ಲಿ ಸೇರಿಸಿದ ಹೊರಗಿನ ಜೀನೊಂದು ಆಕಸ್ಮಿಕವಾಗಿ ಇದೇ ಜಾಗದಲ್ಲಿ ಹೊಕ್ಕು ಹೊಸ ರೀಲರ್ ತಳಿಯನ್ನು ಹುಟ್ಟಿಸಿದುದು ಶೋಧಕರಿಗೆ ದಾರಿದೀಪವಾಯಿತು. ೧೯೯೫ರಲ್ಲಿ ಟಾಮ್ ಕರನ್ ಅವರ ತಂಡವು ಜೀನನ್ನು ಗುರುತಿಸಿ, ಅದು ಹುಟ್ಟಿಸುವ ಪ್ರೋಟೀನಿಗೆ ರೀಲಿನ್ ಎಂದು ಹೆಸರಿಟ್ಟಿತು. ರೀಲಿನ್ ಸಂಚರಿಸುವ ಕೋಶದ ಒಳಗಿನ ವಸ್ತುವಲ್ಲ. ಬೇರೆ ಕೋಶಗಳು ಅದನ್ನು ಹೊರಕ್ಕೆ ಸ್ರವಿಸುತ್ತವೆ. ಪಯಣಿಗ ಕೋಶಗಳು ಅದನ್ನು ಸಂಕೇತವಾಗಿ ಗ್ರಹಿಸಿ ತಮ್ಮ ನೆಲೆಯನ್ನು ಸೇರುತ್ತವೆ. ಎಂದ ಮೇಲೆ ರೀಲರ್ ಇಲಿಯಲ್ಲಿ ದಾರಿ ತಪ್ಪಿದವನ ತಪ್ಪೇನೂ ಇಲ್ಲ. ಕೈಮರವನ್ನು ನೆಡಬೇಕಾದವನು ನೆಡಲಿಲ್ಲ.

ಇದಕ್ಕೆ ಪೂರಕವಾದ ಮತ್ತೊಂದು ಸಾಕ್ಷ್ಯ ಬೇಗನೆ ದೊರೆಯಿತು. ಸ್ಕ್ರ್ಯಾಂಬ್ಲರ್ ಎಂಬ ಇಲಿಯು ನಡಿಗೆಯಲ್ಲಿಯೂ ಮೆದುಳಿನ ರಚನೆಯಲ್ಲಿಯೂ ರೀಲರಿನ ಪಡಿಯಚ್ಚು. ಆದರೆ ಅದರಲ್ಲಿ ರೀಲಿನ್ ಯಥಾಸ್ಥಿತಿಯಲ್ಲಿದೆ! ೧೯೯೭ರಲ್ಲಿ ಕಂಡುಬಂದುದೇನೆಂದರೆ, ಅಲ್ಲಿ ಕೆಟ್ಟಿರುವುದು ರೀಲಿನ್ನಿನ ಸಂಕೇತವನ್ನು ಪಯಣಿಗ ಕೋಶದ ಒಳಗೆ ಮುಂದಕ್ಕೆ ಸಾಗಿಸುವ ಡ್ಯಾಬ್-೧ ಎಂಬ ಪ್ರೋಟೀನು. ಮೊದಲನೆಯದರಲ್ಲಿ ಹೇಳುವವನಿಲ್ಲ, ಎರಡನೆಯದರಲ್ಲಿ ಹೇಳಿದುದನ್ನು ಕೇಳುವವನಿಲ್ಲ. ಹೊರಗೆ ಕಾಣುವ ಫಲ ಎರಡರಲ್ಲಿಯೂ ಒಂದೇ. ರೀಲಿನ್ ಜೀನು ಕೆಟ್ಟರೆ ಮನುಷ್ಯರಲ್ಲಿ ಮೆದುಳಿನ ಮಡಿಕೆಗಳು ಸರಿಯಾಗಿ ಮೂಡದೆ, ಕಿರಿಮೆದುಳು ಅತಿ ಚಿಕ್ಕದಾಗಿ ಉಳಿಯುವ ವಿರಳ ವ್ಯಾಧಿಯೊಂದು ಉಂಟಾಗುವುದೆಂಬುದು ೨೦೦೦ದಲ್ಲಿ ತಿಳಿದುಬಂದಿತು.

೪

ತಪ್ಪಿತಸ್ಥನನ್ನು ಹುಡುಕುವ ಕಾರ್ಯದಲ್ಲಿ ವಿದ್ವಾಂಸರೇ ದಾರಿ ತಪ್ಪಬಹುದೆಂಬುದಕ್ಕೆ ವೀವರ್ ಇಲಿಯೇ ದೃಷ್ಟಾಂತ. ೧೯೬೦ರ ದಶಕದ ಮೊದಲ ವರ್ಷಗಳಲ್ಲಿ ಜಾಕ್ಸನ್ ಪ್ರಯೋಗಾಲಯದಲ್ಲಿ ದೊರೆತ ಈ ಇಲಿಯಲ್ಲಿ ಕಣಕೋಶಗಳು ಹೊರಮೈಯಲ್ಲಿ ಹುಟ್ಟಿದರೂ ಒಳಗಿಳಿಯುವ ಮುನ್ನವೇ ರಾಶಿರಾಶಿಯಾಗಿ ಸಾಯುತ್ತವೆ. ಸಾಮಾನ್ಯ ಇಲಿಯಲ್ಲಿ ಈ ಕೋಶಗಳು ಬರ್ಗ್‌ಮನ್ ಕೋಶಗಳೆಂಬ ಆಧಾರಕೋಶಗಳ ಉದ್ದನೆಯ ಎಳೆಗಳನ್ನು ಹಿಡಿದು, ಹಗ್ಗ ಹಿಡಿದು ಬಾವಿಗಿಳಿಯುವಂತೆ ಇಳಿಯುತ್ತವೆ. ವೀವರ್ ಇಲಿಯಲ್ಲಿ ಈ ಎಳೆಗಳೂ ವಿಕಾರವಾಗಿದ್ದುದನ್ನು ಕಂಡು, ೧೯೭೩ರಲ್ಲಿ ರಾಕಿಚ್ ಮತ್ತು ಸಿಡ್‌ಮನ್ ಎಂಬ ಸಂಶೋಧಕರು ಹಗ್ಗದಲ್ಲಿಯೇ ದೋಷವಿದೆಯೆಂದು ಊಹಿಸಿದರು. ಊಹೆ ಅಸಮಂಜಸವಾದುದಾಗಿರಲಿಲ್ಲ. ಆದರೆ ಜತೆಯಲ್ಲಿ ಕಾಣಿಸಿಕೊಂಡುದೆಲ್ಲ ಕಾರಣವಾಗದು. ೧೯೮೬ರಲ್ಲಿ ಮೇರಿ ಹ್ಯಾಟನ್ ಮತ್ತು ಅವರ ಸಂಗಡಿಗರು ಎರಡು ಬಗೆಯ ಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಅದಲುಬದಲು ಮಾಡಿ ಬೆಳೆಸಿದರು. ವೀವರ್ ಇಲಿಯ ಆಧಾರಕೋಶದ ಮೇಲೆ ಆರೋಗ್ಯವಂತ ಕಣಕೋಶ ಸಲೀಸಾಗಿ ಸಾಗಿತು. ಆರೋಗ್ಯವಂತ ಆಧಾರಕೋಶದ ಮೇಲೆಯೂ ವೀವರ್ ಕಣಕೋಶ ಸಾಗಲಿಲ್ಲ. ಹಗ್ಗ ಸರಿಯಾಗಿಯೇ ಇತ್ತು, ಇಳಿಯುವವನೇ ಅಸ್ವಸ್ಥನಾಗಿದ್ದ.

ಆ ಅಸ್ವಾಸ್ಥ್ಯವೇನೆಂಬುದು ೧೯೯೫ರಲ್ಲಿ ಗೊತ್ತಾಯಿತು. ನರಕೋಶದ ಹೊದಿಕೆಯಲ್ಲಿ ಪೊಟ್ಯಾಸಿಯಂ ಅಯಾನುಗಳನ್ನು ಮಾತ್ರ ಬಿಡುವ ದ್ವಾರವೊಂದಿದೆ. ಅದನ್ನು ಕಟ್ಟುವ ಪ್ರೋಟೀನಿನಲ್ಲಿ, ೧೫೬ನೆಯ ಸ್ಥಾನದಲ್ಲಿ ಗ್ಲೈಸಿನ್ ಇರಬೇಕಾದಲ್ಲಿ ಸೆರೀನ್ ಬಂದು ಕುಳಿತಿತ್ತು. ನೂರಾರು ಅಕ್ಷರಗಳ ಬರಹದಲ್ಲಿ ಒಂದಕ್ಷರದ ತಪ್ಪು! ಆದರೆ ಅದು ದ್ವಾರದ ಕಿರಿದಾದ ಕೊರಳಿನಲ್ಲಿಯೇ ಬಿದ್ದುದರಿಂದ ದ್ವಾರಪಾಲಕನಿಗೆ ವಿವೇಚನೆ ತಪ್ಪಿ ಸೋಡಿಯಮ್ಮೂ ಒಳನುಗ್ಗತೊಡಗಿತು, ಕೋಶ ಸತ್ತಿತು. ಇದೇ ಇಲಿಯ ನಡುಮೆದುಳಿನಲ್ಲಿ ಡೋಪಮೀನ್ ಎಂಬ ದ್ರವ್ಯವನ್ನು ತಯಾರಿಸುವ ಕೋಶಗಳೂ ಸಾಯುತ್ತವೆ. ಪಾರ್ಕಿನ್ಸನ್ ವ್ಯಾಧಿಯಲ್ಲಿ ನಾಶವಾಗುವುದು ಈ ಜಾತಿಯ ಕೋಶಗಳೇ ಆದುದರಿಂದ ಆ ವ್ಯಾಧಿಯ ಅಭ್ಯಾಸಿಗಳೂ ವೀವರಿನತ್ತ ಗಮನವಿಟ್ಟರು.

೫

ಸ್ಟ್ಯಾಗರರ್ ಮತ್ತು ಲರ್ಚರ್ ಇಲಿಗಳಲ್ಲಿಯೂ ಕಣಕೋಶಗಳು ಅಳಿಯುತ್ತವೆ. ಹಾಗಾದರೆ ಇವೂ ವೀವರಿನಂತೆಯೇ ಎನ್ನಬೇಕೆ? ಅಲ್ಲವೆಂಬುದನ್ನು ಸಿದ್ಧಪಡಿಸಲು ಒಂದು ಅಪೂರ್ವ ಉಪಾಯ ನೆರವಾಯಿತು. ೧೯೬೦ರ ದಶಕದ ಆರಂಭದಲ್ಲಿ ಪೋಲೆಂಡಿನ ಟಾರ್ಕೋವ್‌ಸ್ಕಿಯವರೂ ಅಮೆರಿಕದ ಬಿಯಾಟ್ರಿಸ್ ಮಿಂಟ್ಸ್ ಅವರೂ ಎರಡು ಎಳೆಯ ಭ್ರೂಣಗಳನ್ನು ಬೆಸೆದು ಒಂದೇ ಇಲಿಯನ್ನಾಗಿ ಬೆಳೆಸುವ ವಿಧಾನವನ್ನು ಸಾಧಿಸಿದರು. ಇಂತಹ ಮಿಶ್ರ ಇಲಿಯ ದೇಹದಲ್ಲಿ ಎರಡು ಮೂಲದ ಕೋಶಗಳು ಹಾಸುಹೊಕ್ಕಾಗಿ ಕಲೆತಿರುತ್ತವೆ. ಒಂದು ಭ್ರೂಣ ಲರ್ಚರ್, ಇನ್ನೊಂದು ಆರೋಗ್ಯವಾದುದು ಎಂದಿಟ್ಟುಕೊಂಡರೆ, ಒಂದೇ ನೆರೆಯಲ್ಲಿ ಬೆಳೆದ ಕೋಶಗಳಲ್ಲಿ ಯಾವುವು ಸತ್ತುವು, ಯಾವುವು ಉಳಿದುವು ಎಂದು ಎಣಿಸಬಹುದು.

೧೯೮೨ರಲ್ಲಿ ವೆಟ್ಸ್ ಮತ್ತು ಹೆರಪ್ ಎಂಬವರು ಹೀಗೆ ಎಣಿಸಿದರು. ಬೆಳೆದ ಮಿಶ್ರ ಇಲಿಯಲ್ಲಿ ಉಳಿದ ಪುರ್ಕಿಂಜೆ ಕೋಶಗಳೆಲ್ಲ ಆರೋಗ್ಯವಂತ ಮೂಲದವು. ಲರ್ಚರ್ ಮೂಲದವು ಒಂದೂ ಉಳಿದಿರಲಿಲ್ಲ. ಕಣಕೋಶಗಳಲ್ಲಾದರೋ ಈ ಭೇದ ಕಾಣಲಿಲ್ಲ. ಅವುಗಳ ಸಾವು ಯಾವ ಮೂಲದವೆಂಬುದನ್ನು ಅವಲಂಬಿಸಿರಲಿಲ್ಲ. ಅಂದರೆ ದೋಷ ನೇರವಾಗಿ ತಟ್ಟುವುದು ಪುರ್ಕಿಂಜೆ ಕೋಶಕ್ಕೆ. ತಮ್ಮ ಸುದ್ದಿಯನ್ನು ಕೇಳುವವರೇ ಇಲ್ಲವಾದ ಮೇಲೆ ಕಣಕೋಶಗಳು ಅನಾಥವಾಗಿ ಅಳಿದುವು. ಯಜಮಾನನು ಸತ್ತ ಮನೆಯಲ್ಲಿ ಆಶ್ರಿತರು ಚದುರಿಹೋಗುವಂತೆ ಇದು ಎರಡನೆಯ ಸಾವು. ೧೯೯೭ರಲ್ಲಿ ಲರ್ಚರ್ ಜೀನು ದೊರೆತಾಗ, ಪುರ್ಕಿಂಜೆ ಕೋಶದ ಮೇಲಿನ ಒಂದು ಗ್ರಾಹಕವು ಸದಾ ತೆರೆದ ಬಾಗಿಲಾಗಿ ಪರಿಣಮಿಸಿದೆಯೆಂದು ತಿಳಿಯಿತು. ಒಂದು ಪ್ರತಿ ಕೆಟ್ಟರೂ ಸಾಕು, ಈ ದೋಷ ತಲೆದೋರುತ್ತದೆ. ಎರಡೂ ಕೆಟ್ಟರೆ ಮರಿ ಹುಟ್ಟುತ್ತಲೇ ಸಾಯುತ್ತದೆ. ೧೯೬೨ರಲ್ಲಿ ವರ್ಣಿತವಾದ ಸ್ಟ್ಯಾಗರರ್ ಇಲಿಯಲ್ಲಿಯೂ ಮೂಲದೋಷ ಪುರ್ಕಿಂಜೆ ಕೋಶದ್ದೇ. ಆದರೆ ಅಲ್ಲಿ ಕೆಟ್ಟಿರುವುದು, ೧೯೯೬ರಲ್ಲಿ ಕಂಡುಬಂದಂತೆ, ಬೇರೆ ಜೀನುಗಳನ್ನು ನಿಯಂತ್ರಿಸುವ ಒಂದು ಜೀನು. ಆ ಕೋಶ ಬೆಳೆದು ಸಾಯುವುದಲ್ಲ, ಬೆಳೆಯುವುದೇ ಇಲ್ಲ.

೬

ಇಷ್ಟರವರೆಗೆ ಹೇಳಿದ ಕಿರಿಮೆದುಳಿನ ಇಲಿಗಳಲ್ಲಿ ಕೋಶಗಳು ಸತ್ತಿದ್ದುವು, ಸೊರಗಿದ್ದುವು ಅಥವಾ ಸ್ಥಾನಭ್ರಷ್ಟವಾಗಿದ್ದುವು. ಟಾಟರಿಂಗ್ ಎಂಬ ಇಲಿಯಲ್ಲಿ ಸಂಗತಿ ಬೇರೆ. ಅದರ ಕಿರಿಮೆದುಳು ಸೂಕ್ಷ್ಮದರ್ಶಕದಡಿಯಲ್ಲಿ ಹೆಚ್ಚುಕಡಿಮೆ ಸಹಜವಾಗಿಯೇ ಕಾಣುತ್ತದೆ. ಆದರೂ ಅದು ಹೊಯ್ದಾಡಿ ನಡೆಯುವುದಲ್ಲದೆ, ಆಗಾಗ ಅಂಗಾಂಗಗಳು ತಿರುಚುವ ಆವೇಗಗಳಿಗೆ ಗುರಿಯಾಗುತ್ತದೆ. ಬೆದರಿಕೆ, ಮದ್ಯಸಾರ, ಕಾಫಿಯ ಸಾರವಾದ ಕೆಫೀನ್ ಇವು ಆವೇಗವನ್ನು ತರಬಲ್ಲವು. ಕೋಶಗಳು ಪರಸ್ಪರ ಸುದ್ದಿ ಕೊಡುವಾಗ ಕ್ಯಾಲ್ಸಿಯಂ ಅನ್ನು ಒಳಬಿಡುವ ದ್ವಾರದ ಜೀನಿನಲ್ಲಿ ದೋಷವಿರುವುದೆಂದು ೧೯೯೬ರಲ್ಲಿ ಸಿದ್ಧವಾಯಿತು. ಅದೇ ವರ್ಷ ಮನುಷ್ಯರಲ್ಲಿ ಅದೇ ಜೀನಿನ ದೋಷಗಳು, ಆಗಾಗ ಬಂದುಹೋಗುವ ಒಂದು ಬಗೆಯ ತೂರಾಟಕ್ಕೂ, ಅರ್ಧಾಂಗ ಬಲಹೀನತೆಯೊಡನೆ ಬರುವ ವಂಶಗತ ಅರೆತಲೆನೋವಿಗೂ ಕಾರಣವೆಂದು ತಿಳಿಯಿತು; ಮರುವರ್ಷ, ನಡುವಯಸ್ಸಿನಲ್ಲಿ ಆರಂಭವಾಗಿ ಮೆಲ್ಲನೆ ಹೆಚ್ಚುವ ಇನ್ನೊಂದು ವ್ಯಾಧಿಗೂ ಅದೇ ಜೀನು ಮೂಲವೆಂದು ಗೊತ್ತಾಯಿತು.

ಇಲ್ಲಿಯೇ ಈ ವಿಚಾರದ ತಿರುಳಿದೆ. ಲರ್ಚರ್ ಇಲಿಯಲ್ಲಿ ಸತ್ತ ಕೋಶಗಳನ್ನು ಯಾವ ಔಷಧಿಯೂ ಎಬ್ಬಿಸದು. ಟಾಟರಿಂಗ್ ಇಲಿಯಲ್ಲಿ ಕೋಶಗಳಿವೆ, ಕೆಲಸ ಮಾತ್ರ ಕೆಟ್ಟಿದೆ. ಆದುದರಿಂದ ಅಲ್ಲಿ ಔಷಧಿಗೆ ಅವಕಾಶವುಂಟು. ಅಮಿನೋಪಿರಿಡಿನ್ ಎಂಬ ಔಷಧಿಯು ಆ ಇಲಿಗಳ ಆವೇಗಗಳನ್ನು ತಡೆಯುವುದೆಂದು ಪ್ರಯೋಗಗಳಲ್ಲಿ ಕಂಡುಬಂದಿತು. ಬಂದುಹೋಗುವ ತೂರಾಟದ ರೋಗಿಗಳಲ್ಲಿಯೂ ಅದು ಆವೇಗಗಳನ್ನು ತಗ್ಗಿಸುವುದೆಂದು ೨೦೧೧ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ತೋರಿಸಿತು. ಬೀದಿಯಲ್ಲಿ ನೋಡುವವನಿಗೆ ಒಂದೇ ಆಗಿ ಕಾಣುವ ಎರಡು ತೂರಾಟಗಳಲ್ಲಿ ಒಂದಕ್ಕೆ ಮಾತ್ರೆಯಿಂದ ಉಪಶಮನವಿದೆ, ಇನ್ನೊಂದಕ್ಕೆ ಇಲ್ಲ. ಕಾರಣದ ಜ್ಞಾನವು ಕೇವಲ ಪಾಂಡಿತ್ಯದ ವಿಷಯವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

ದೋಷ ಕಿರಿಮೆದುಳಿನಲ್ಲಿಯೇ ಇರಬೇಕೆಂಬ ನಿಯಮವೂ ಇಲ್ಲ. ಶಿವರರ್ ಎಂಬ ಇಲಿಯು ಎರಡನೆಯ ವಾರದಿಂದಲೇ ಚಳಿ ಹಿಡಿದಂತೆ ನಡುಗತೊಡಗಿ ಕೆಲವೇ ತಿಂಗಳಲ್ಲಿ ಸಾಯುತ್ತದೆ. ವಿದ್ಯುತ್ತಿನ ತಂತಿಗೆ ಹೊದಿಕೆಯಿರುವಂತೆ ನರತಂತುವಿಗೂ ಮಯಲಿನ್ ಎಂಬ ಹೊದಿಕೆಯಿದೆ. ಮೆದುಳು ಮತ್ತು ಬೆನ್ನುಹುರಿಗಳಲ್ಲಿ ಆ ಹೊದಿಕೆಯನ್ನು ಬಿಗಿಯಾಗಿ ಸುತ್ತಲು ಅವಶ್ಯವಾದ ಪ್ರೋಟೀನಿನ ಜೀನಿನಲ್ಲಿ ಹೆಚ್ಚಿನ ಭಾಗ ಈ ಇಲಿಯಲ್ಲಿ ಕಳೆದುಹೋಗಿದೆಯೆಂದು ೧೯೮೫ರಲ್ಲಿ ತಿಳಿಯಿತು. ೧೯೮೭ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಸರಿಯಾದ ಜೀನನ್ನು ಭ್ರೂಣದ ಮೊದಲ ಹಂತದಲ್ಲಿಯೇ ಸೇರಿಸಿದರು. ಆ ಪ್ರೋಟೀನು ಸಹಜ ಪ್ರಮಾಣದ ಕಾಲು ಭಾಗದಷ್ಟೇ ಉತ್ಪನ್ನವಾದರೂ ನಡುಕ ನಿಂತಿತು. ಇಲಿಗಳು ಪೂರ್ಣಾಯುಷ್ಯ ಬಾಳಿದುವು. ವಂಶದ ದೋಷವೆಂದರೆ ಹಣೆಯ ಬರಹ, ಅದನ್ನು ಅಳಿಸಲಾಗದು ಎಂಬ ಭಾವನೆಗೆ ಬಿದ್ದ ದೊಡ್ಡ ಪೆಟ್ಟು ಇದು.

೭

ಆದರೂ ಇಲ್ಲಿ ಎಚ್ಚರ ಅಗತ್ಯ. ಅಂಡದಲ್ಲಿಯೇ ಜೀನನ್ನು ಸೇರಿಸಿದ ಆ ಕ್ರಮವನ್ನು ಈಗಾಗಲೇ ಹುಟ್ಟಿ ಬೆಳೆದ ರೋಗಿಗೆ ಅನ್ವಯಿಸುವಂತಿಲ್ಲ. ಇಲಿಯು ಮನುಷ್ಯನ ಪ್ರತಿರೂಪವೂ ಅಲ್ಲ. ಅಷರ್ ವ್ಯಾಧಿಯ ಮಕ್ಕಳು ಕ್ರಮೇಣ ದೃಷ್ಟಿಯನ್ನು ಕಳೆದುಕೊಳ್ಳುತ್ತಾರೆ. ಅದೇ ಜೀನು ಕೆಟ್ಟ ವಾಲ್ಟ್ಸರ್ ಇಲಿ ಆ ರೀತಿ ಕುರುಡಾಗುವುದಿಲ್ಲ. ಎರಡು ಮೂರು ವರ್ಷ ಬಾಳುವ ಪ್ರಾಣಿಯಿಂದ, ಐವತ್ತರ ಸುಮಾರಿಗೆ ತಲೆದೋರುವ ವ್ಯಾಧಿಯ ಸಂಪೂರ್ಣ ಚರಿತ್ರೆಯನ್ನು ನಿರೀಕ್ಷಿಸುವುದು ತಪ್ಪು. ಇಲಿ ಕೊಡುವುದು ಸಾಕ್ಷ್ಯವನ್ನು, ತೀರ್ಪನ್ನಲ್ಲ.

ಆದರೆ ಆ ಸಾಕ್ಷ್ಯ ಕಲಿಸಿದ ಪಾಠ ಸ್ಪಷ್ಟವಾಗಿದೆ. ತೂರಾಡುವ ದೇಹವನ್ನು ಕಂಡಾಗ ಕೇಳಬೇಕಾದ ಪ್ರಶ್ನೆಗಳು ನಾಲ್ಕು: ದೋಷ ಯಾವ ಅಂಗದಲ್ಲಿದೆ, ಯಾವ ಕೋಶದಲ್ಲಿದೆ, ಯಾವ ಕಾಲದಲ್ಲಿ ಹೊಕ್ಕಿತು, ಆ ಕೋಶ ಸತ್ತಿದೆಯೋ ಬದುಕಿದ್ದೂ ಕೆಲಸ ತಪ್ಪಿದೆಯೋ. ಈ ನಾಲ್ಕಕ್ಕೂ ಉತ್ತರ ದೊರೆಯುವ ತನಕ ‘ವಂಶದ ದೋಷ’ ಎಂಬುದು ಬರಿಯ ಹೆಸರು. ಉತ್ತರ ದೊರೆತಲ್ಲೆಲ್ಲ ಚಿಕಿತ್ಸೆ ದೊರೆತಿಲ್ಲ ನಿಜ. ಆದರೆ ಉತ್ತರವನ್ನು ಹುಡುಕದೆ ದೊರೆಯುವ ಚಿಕಿತ್ಸೆ ಕತ್ತಲೆಯಲ್ಲಿ ಎಸೆದ ಕಲ್ಲಿನಂತೆ. ಕುಣಿಯಲಾರದವಳನ್ನು ನೋಡಿ ನಗುವ ಗಾದೆ ಅಷ್ಟಕ್ಕೇ ನಿಂತಿತು. ಬೋನಿನೊಳಗೆ ಉರುಳಿ ಬಿದ್ದ ಮರಿಯನ್ನು ಕಂಡವರು ನಕ್ಕು ಬಿಸುಡದೆ, ಎತ್ತಿಟ್ಟು, ಏಕೆ ಬಿದ್ದಿತೆಂದು ಕೇಳಿದರು. ಬೀದಿಯಲ್ಲಿ ತೂರಾಡುವ ಮನುಷ್ಯನಿಗೂ ಅಷ್ಟಾದರೂ ಸಲ್ಲಬೇಕು.